ಅದು, ಅವನು, ಅವರು: ‘ಸ್ಟಾರ್ ಟ್ರೆಕ್’ ಕಲಿಸುವ ಪಾಠ

ಇಂಗ್ಲಿಷಿನಲ್ಲಿ ಎದುರಿಗಿರುವವರು ಯಾರೇ ಆಗಲಿ, ಒಂದೇ ‘ಯೂ’. ನಮ್ಮಂತೆ ನೀನು, ನೀವು, ತಾವು ಎಂಬ ಮೆಟ್ಟಿಲುಗಳಿಲ್ಲ. ಹಾಗಾದರೆ ಸಲಿಗೆ, ಗೌರವ, ತಾತ್ಸಾರಗಳನ್ನು ಅಲ್ಲಿ ತೋರಿಸುವುದು ಹೇಗೆ? ಉತ್ತರ ಬೇಕಿದ್ದರೆ ‘ಸ್ಟಾರ್ ಟ್ರೆಕ್’ ಟಿವಿ ಧಾರಾವಾಹಿಯನ್ನು ಸ್ವಲ್ಪ ಕಿವಿಗೊಟ್ಟು ನೋಡಬೇಕು.

1966ರಲ್ಲಿ ಆರಂಭವಾದ ಮೊದಲ ಸರಣಿಯಲ್ಲಿ ನೌಕೆಯ ನಾಯಕ ಜಿಮ್ ಕರ್ಕ್. ವೈದ್ಯ ಮೆಕಾಯ್ ಅವನನ್ನು ಸಲಿಗೆಯಿಂದ ‘ಜಿಮ್’ ಎನ್ನುತ್ತಾನೆ. ಭಾವನೆಗಳನ್ನು ಅದುಮಿಟ್ಟುಕೊಳ್ಳುವ ಸ್ಪಾಕ್‌ಗೆ ಮಾತ್ರ ಅವನು ಸಾಮಾನ್ಯವಾಗಿ ‘ಕ್ಯಾಪ್ಟನ್’. 1967ರ ‘ಅಮೋಕ್ ಟೈಮ್’ ಕಂತಿನಲ್ಲಿ, ತನ್ನ ಕೈಯಿಂದಲೇ ಗೆಳೆಯ ಸತ್ತನೆಂದು ಸ್ಪಾಕ್ ನಂಬಿರುತ್ತಾನೆ. ಕರ್ಕ್ ಜೀವಂತವಾಗಿ ಎದುರು ನಿಂತಾಗ ಬಾಯಲ್ಲಿ ಮೊದಲು ‘ಕ್ಯಾಪ್ಟನ್’ ಬರುತ್ತದೆ, ಮರುಕ್ಷಣವೇ ನಗುವಿನೊಂದಿಗೆ ‘ಜಿಮ್’! ಆಮೇಲೆ ಎಷ್ಟೇ ತರ್ಕ ಹೇಳಿ ಮುಚ್ಚಿಕೊಂಡರೂ, ಅವನ ಮನಸ್ಸು ಆ ಒಂದು ಹೆಸರಿನಲ್ಲಿ ಬಯಲಾಗಿಬಿಟ್ಟಿದೆ.

ಇನ್ನೊಂದು ಉದಾಹರಣೆ ಮುಂದಿನ ಸರಣಿಯಾದ ‘ನೆಕ್ಸ್ಟ್ ಜನರೇಷನ್’ನದು. 1989ರ ‘ದ ಮೆಷರ್ ಆಫ್ ಎ ಮ್ಯಾನ್’ ಕಂತಿನಲ್ಲಿ ಮ್ಯಾಡಕ್ಸ್ ಎಂಬ ವಿಜ್ಞಾನಿಗೆ, ಯಂತ್ರಮಾನವ ಡೇಟಾನನ್ನು ಬಿಚ್ಚಿ ಪರೀಕ್ಷಿಸುವ ಆಸೆ. ಅವನ ಮಾತಿನಲ್ಲಿ ಡೇಟಾ ಒಂದು ‘ಇಟ್’, ಅಂದರೆ ‘ಅದು’. ವಿಚಾರಣೆ ನಡೆದು, ಆಯ್ಕೆಯ ಸ್ವಾತಂತ್ರ್ಯ ಡೇಟಾನದೇ ಎಂದು ತೀರ್ಪಾಗುತ್ತದೆ. ಕೊನೆಗೆ ಮ್ಯಾಡಕ್ಸ್ ತನಗರಿವಿಲ್ಲದೆಯೇ ‘ಹೀ’, ಅಂದರೆ ‘ಅವನು’ ಎನ್ನುತ್ತಾನೆ. ತೀರ್ಪಿತ್ತ ಅಧಿಕಾರಿಣಿ ಅದನ್ನು ಗಮನಿಸಿ ಹೇಳಿಯೂ ಬಿಡುತ್ತಾಳೆ. ನಿಜವಾದ ಗೆಲುವು ಆ ಸರ್ವನಾಮದಲ್ಲಿದೆ.

ಕನ್ನಡದಲ್ಲಿ ಈ ಲೆಕ್ಕಾಚಾರ ಇನ್ನೂ ಸೂಕ್ಷ್ಮ. ಮಗುವನ್ನು ‘ಅದು’ ಎಂದರೆ ಮುದ್ದು. ದೊಡ್ಡವರನ್ನು ಹಾಗೆಂದರೆ ಅವಮಾನ. ಅಮ್ಮನಿಗೆ, ದೇವರಿಗೆ ಹೇಳುವ ‘ನೀನು’ ಪ್ರೀತಿಯದು. ಅದೇ ‘ನೀನು’, ಊರಿಗೆ ಹೋದಾಗ ಮನೆಗೆಲಸದ ಹಿರಿಯ ಹೆಂಗಸಿಗೆ ನಮ್ಮ ಬಾಯಿಂದ ಬಂದರೆ? ಅದು ಪ್ರೀತಿಯೋ, ತಾತ್ಸಾರವೋ? ‘ಯೂ’ ಒಂದನ್ನೇ ಬಳಸಿ ಬೆಳೆದ ಮಕ್ಕಳು ಅಜ್ಜಿಗೆ ‘ನೀನು ಬಾ’ ಎಂದಾಗ ತಿದ್ದುವ ನಾವು, ನಮ್ಮ ಮಾತನ್ನೂ ಅವರು ಆಲಿಸುತ್ತಿದ್ದಾರೆಂಬುದನ್ನು ಮರೆಯಬಾರದು. ಮಕ್ಕಳು ವ್ಯಾಕರಣ ಕಲಿಯುವುದು ಪುಸ್ತಕದಿಂದ. ಮರ್ಯಾದೆ ಕಲಿಯುವುದು ನಮ್ಮಿಂದ.

ಮನೆಯಲ್ಲಿ ಮಾಡಿ ನೋಡಿ:
1. ಮಕ್ಕಳೊಂದಿಗೆ ಒಂದು ಕಂತು ನೋಡಿ, ಯಾರು ಯಾರನ್ನು ಏನೆಂದು ಕರೆಯುತ್ತಾರೆ, ಪಟ್ಟಿ ಮಾಡಿ.
2. ಸ್ಪಾಕ್ ಕನ್ನಡ ಮಾತಾಡಿದ್ದರೆ ಕರ್ಕ್‌ಗೆ ‘ನೀನು’ ಎನ್ನುತ್ತಿದ್ದನೇ, ‘ನೀವು’ ಎನ್ನುತ್ತಿದ್ದನೇ? ಯಾವಾಗ ಬದಲಾಯಿಸುತ್ತಿದ್ದ?
3. ನಮ್ಮ ಮನೆಯಲ್ಲಿ ಯಾರಿಗೆ ‘ನೀನು’, ಯಾರಿಗೆ ‘ನೀವು’? ಏಕೆ?

ಮೂರನೆಯ ಪ್ರಶ್ನೆಗೆ ಮಕ್ಕಳು ಕೊಡುವ ಉತ್ತರವನ್ನು ದೊಡ್ಡವರು ಗಮನವಿಟ್ಟು ಕೇಳಲಿ.