ಎಷ್ಟು ದೊಡ್ಡ ಟೆಲಿಸ್ಕೋಪ್ ಕೊಳ್ಳಬೇಕು?

ಪ್ರಶ್ನೆ: ನಾನು ಚಿತ್ರದುರ್ಗದಲ್ಲಿ ಪ್ರೌಢಶಾಲೆಯ ವಿಜ್ಞಾನ ಶಿಕ್ಷಕ. ಟೆಲಿಸ್ಕೋಪ್ ಕೊಳ್ಳಬೇಕೆಂಬುದು ಬಹಳ ದಿನಗಳ ಆಸೆ. ಆನ್‌ಲೈನ್‌ನಲ್ಲಿ ನೋಡಿ ಮೂರನ್ನು ಗುರುತು ಹಾಕಿಕೊಂಡಿದ್ದೇನೆ: 70 ಮಿ.ಮೀ. ಮಸೂರದ್ದು, ಈಕ್ವೆಟೋರಿಯಲ್ ಸ್ಟ್ಯಾಂಡ್ ಇರುವ 130 ಮಿ.ಮೀ. ಕನ್ನಡಿಯದ್ದು, 8 ಇಂಚಿನ ಡಾಬ್ಸೋನಿಯನ್. ಮನೆ ಎರಡನೇ ಮಹಡಿಯಲ್ಲಿದೆ, ಮೇಲೆ ತಾರಸಿ ಇದೆ. ಹಳ್ಳಿಯ ಜಮೀನು 30 ಕಿ.ಮೀ. ದೂರ, ಓಡಾಟಕ್ಕೆ ಬೈಕು. ಶಾಲೆಯ ಮಕ್ಕಳಿಗೂ ತೋರಿಸಬೇಕೆಂದಿದೆ. 70 ಮಿ.ಮೀ.ದರ ಪೆಟ್ಟಿಗೆಯ ಮೇಲೆ ‘525 ಪಟ್ಟು’ ಎಂದು ಬರೆದಿದ್ದಾರೆ; ದೊಡ್ಡವುಗಳ ಮೇಲೆ ಅಷ್ಟಿಲ್ಲ. ಹಾಗಿದ್ದರೆ ದೊಡ್ಡದರಿಂದ ಏನು ಪ್ರಯೋಜನ? ಯಾವುದನ್ನು ಕೊಳ್ಳಲಿ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ, 130 ಮಿ.ಮೀ.ದನ್ನು ಕೊಳ್ಳಿ. ಆದರೆ ನೀವು ನೋಡಿಟ್ಟಿರುವ ಸ್ಟ್ಯಾಂಡ್ ಬೇಡ. ಅದೇ ಗಾತ್ರದ ಕೊಳವೆ ಮೇಜಿನ ಮೇಲಿಡುವಂಥ ಪುಟ್ಟ ಡಾಬ್ಸೋನಿಯನ್ ಪೀಠದ ಮೇಲೂ ಸಿಗುತ್ತದೆ, ಅದು ನಿಮಗೆ ಸರಿ. 8 ಇಂಚಿನದು ನಿಮ್ಮ ಮನೆಗಿಂತ ನಿಮ್ಮ ಶಾಲೆಗೆ ಹೊಂದುತ್ತದೆ. ಏಕೆ ಎಂಬುದನ್ನು ಒಂದೊಂದಾಗಿ ನೋಡೋಣ.

ಮೊದಲು ಆ 525ರ ವಿಚಾರ. ಟೆಲಿಸ್ಕೋಪಿನ ಸಂಗಮ ದೂರವನ್ನು ಐಪೀಸಿನ ಸಂಗಮ ದೂರದಿಂದ ಭಾಗಿಸಿದರೆ ವರ್ಧನೆ ಸಿಗುತ್ತದೆ, ಇದು ನಿಮಗೆ ಗೊತ್ತಿರುವುದೇ. 70 ಮಿ.ಮೀ.ದರ ಸಂಗಮ ದೂರ ಸಾಮಾನ್ಯವಾಗಿ 700 ಮಿ.ಮೀ. ಅದಕ್ಕೆ 4 ಮಿ.ಮೀ. ಐಪೀಸ್ ಹಾಕಿದರೆ 175 ಪಟ್ಟು. ಜೊತೆಗೆ ಕೊಡುವ 3 ಪಟ್ಟಿನ ಬಾರ್ಲೋ ಮಸೂರವನ್ನೂ ಸಿಕ್ಕಿಸಿದರೆ 525. ಲೆಕ್ಕದಲ್ಲಿ ಸುಳ್ಳಿಲ್ಲ, ನೋಟದಲ್ಲಿ ಮಾತ್ರ ಏನೂ ಇರುವುದಿಲ್ಲ. ಎಷ್ಟು ಹಿಗ್ಗಿಸಿದರೂ ಬೆಳಕು ಅಷ್ಟೇ, ವಿವರವೂ ಅಷ್ಟೇ. ಬಿಂಬ ದೊಡ್ಡದಾದಂತೆ ಮಂಕಾಗಿ ಕದಡುತ್ತದೆ. ಮಸೂರ ಅಥವಾ ಕನ್ನಡಿಯ ವ್ಯಾಸ ಎಷ್ಟು ಮಿಲಿಮೀಟರೋ ಅದರ ಎರಡರಷ್ಟು ವರ್ಧನೆಯೇ ಉಪಯೋಗಕ್ಕೆ ಬರುವ ಮೇಲ್ಮಿತಿ ಎಂಬುದು ಹವ್ಯಾಸಿಗಳ ರೂಢಿಯ ಲೆಕ್ಕ. ಅಂದರೆ 70ಕ್ಕೆ 140, 130ಕ್ಕೆ 260, 8 ಇಂಚಿಗೆ ಸುಮಾರು 400. ನಮ್ಮ ತಲೆಯ ಮೇಲಿನ ಗಾಳಿ ಹೆಚ್ಚಿನ ರಾತ್ರಿಗಳಲ್ಲಿ 200–250ರ ಆಚೆಗೆ ಬಿಡುವುದಿಲ್ಲ. ಪೆಟ್ಟಿಗೆಯ ಮೇಲೆ ಪಟ್ಟುಗಳನ್ನೇ ದೊಡ್ಡಕ್ಷರದಲ್ಲಿ ಅಚ್ಚು ಹಾಕಿದ್ದರೆ ಆ ಪೆಟ್ಟಿಗೆಯನ್ನು ಅಂಗಡಿಯಲ್ಲೇ ಬಿಡುವುದು ಲೇಸು.

ವ್ಯಾಸದಿಂದ ಸಿಗುವುದು ಎರಡು: ಬೆಳಕು ಮತ್ತು ಸೂಕ್ಷ್ಮತೆ. ಬೆಳಕು ವ್ಯಾಸದ ವರ್ಗಕ್ಕೆ ಅನುಗುಣ. ಕತ್ತಲಿನಲ್ಲಿ ಪೂರ್ತಿ ಅರಳಿದ ಕಣ್ಣಿನ ಪಾಪೆ ಸುಮಾರು 7 ಮಿ.ಮೀ. ಎಂದಿಟ್ಟುಕೊಂಡರೆ, 70 ಮಿ.ಮೀ. ಮಸೂರ ಬರಿಗಣ್ಣಿನ 100 ಪಟ್ಟು ಬೆಳಕು ಕೂಡಿಸುತ್ತದೆ, 130ರದ್ದು ಸುಮಾರು 345 ಪಟ್ಟು, 203 ಮಿ.ಮೀ. ಇರುವ 8 ಇಂಚಿನದು 840 ಪಟ್ಟು. ಕನ್ನಡಿಯ ಟೆಲಿಸ್ಕೋಪುಗಳಲ್ಲಿ ನಡುವಿನ ಪುಟ್ಟ ಕನ್ನಡಿ ಕೊಂಚ ಬೆಳಕನ್ನು ತಡೆಯುತ್ತದೆ, ಅದರಿಂದ ಲೆಕ್ಕ ಬಹಳ ಬದಲಾಗದು. ಗಮನಿಸಿ: 70ರಿಂದ 130ಕ್ಕೆ ಹೋದರೆ ಬೆಳಕು ಮೂರೂವರೆ ಪಟ್ಟು ಏರುತ್ತದೆ, 130ರಿಂದ 8 ಇಂಚಿಗೆ ಹೋದರೆ ಎರಡೂವರೆ ಪಟ್ಟಿಗೂ ತುಸು ಕಡಿಮೆ. ದೊಡ್ಡ ಜಿಗಿತ ಇರುವುದು ಮೊದಲ ಮೆಟ್ಟಿಲಿನಲ್ಲೇ.

ಸೂಕ್ಷ್ಮತೆಗೆ ಡಾವ್ಸ್ ಮಿತಿ ಎಂಬ ಸರಳ ಸೂತ್ರವಿದೆ. 116ನ್ನು ಮಿ.ಮೀ. ವ್ಯಾಸದಿಂದ ಭಾಗಿಸಿದರೆ, ಜೋಡಿ ನಕ್ಷತ್ರಗಳನ್ನು ಎಷ್ಟು ಆರ್ಕ್‌ಸೆಕೆಂಡ್ ಅಂತರದವರೆಗೆ ಬಿಡಿಸಿ ನೋಡಬಹುದು ಎಂಬುದು ಬರುತ್ತದೆ. 70ಕ್ಕೆ 1.7, 130ಕ್ಕೆ 0.9, 8 ಇಂಚಿಗೆ 0.6. ಚಂದ್ರನ ಮೇಲೆ ಒಂದು ಆರ್ಕ್‌ಸೆಕೆಂಡ್ ಎಂದರೆ ಸುಮಾರು 1.9 ಕಿ.ಮೀ. ಹಾಗಾಗಿ ಲೆಕ್ಕದ ಮಟ್ಟಿಗೆ ಚಿಕ್ಕದರಲ್ಲಿ 3 ಕಿ.ಮೀ. ವಿವರ ಕಂಡರೆ ದೊಡ್ಡದರಲ್ಲಿ 1 ಕಿ.ಮೀ. ಕಾಣುತ್ತದೆ. ಆದರೆ ಗಾಳಿಯ ಕದಲಿಕೆಯಿಂದಲೇ ಬಿಂಬ ಒಂದೆರಡು ಆರ್ಕ್‌ಸೆಕೆಂಡ್ ಹರಡಿಕೊಳ್ಳುವುದುಂಟು. ಅಂಥ ರಾತ್ರಿಗಳಲ್ಲಿ 8 ಇಂಚಿನದಕ್ಕೂ 130ಕ್ಕೂ ಗ್ರಹಗಳ ಮಟ್ಟಿಗೆ ಹೇಳಿಕೊಳ್ಳುವಂಥ ಅಂತರ ಉಳಿಯುವುದಿಲ್ಲ. ತಾರಸಿಯ ಮೇಲೆ ಇದು ಇನ್ನೂ ಹೆಚ್ಚು. ದಿನವಿಡೀ ಕಾದ ಆರ್‌ಸಿಸಿ ಸಂಜೆಯಿಂದ ಶಾಖ ಬಿಡುತ್ತಲೇ ಇರುತ್ತದೆ. ಬೇಸಿಗೆಯಲ್ಲಿ ರಾತ್ರಿ ಹತ್ತರ ತನಕ ಗುರುಗ್ರಹ ಕುದಿಯುತ್ತಿರುವಂತೆ ಕಂಡರೆ ಟೆಲಿಸ್ಕೋಪನ್ನು ಬೈಯಬೇಡಿ.

ಇನ್ನು ಆಕಾಶಕ್ಕೆ ಬರೋಣ. ಮದುವೆಯಲ್ಲಿ ಅರುಂಧತಿಯನ್ನು ತೋರಿಸುತ್ತಾರಲ್ಲ, ಅವಳ ಪಕ್ಕದ ವಸಿಷ್ಠನತ್ತ 70 ಮಿ.ಮೀ.ದನ್ನೇ ತಿರುಗಿಸಿ. ವಸಿಷ್ಠನೇ ಎರಡಾಗಿ ನಿಲ್ಲುತ್ತಾನೆ, ನಡುವೆ 14 ಆರ್ಕ್‌ಸೆಕೆಂಡ್ ಅಂತರ. ಗುರುವಿನ ನಾಲ್ಕು ಚಂದ್ರರು, ಮೈಮೇಲಿನ ಎರಡು ಪಟ್ಟೆಗಳು, ಶನಿಯ ಉಂಗುರ, ಶುಕ್ರನ ಕಲೆಗಳು, ಚಂದ್ರನ ಕುಳಿಗಳು ಎಲ್ಲವೂ ಇದರಲ್ಲಿ ಸಿಗುತ್ತವೆ. 1610ರಲ್ಲಿ ಗೆಲಿಲಿಯೋ ಗುರುವಿನ ಚಂದ್ರರನ್ನು ಕಂಡಿದ್ದು ಇದಕ್ಕಿಂತ ಚಿಕ್ಕ, ಸುಮಾರು 20 ಪಟ್ಟು ಹಿಗ್ಗಿಸುವ ಉಪಕರಣದಲ್ಲಿ. ಆದ್ದರಿಂದ 70 ಮಿ.ಮೀ. ಆಟಿಕೆಯಲ್ಲ. ಅದರ ತೊಂದರೆ ಬೇರೆಡೆ ಇದೆ: ಕಡಿಮೆ ಬೆಲೆಯಲ್ಲಿ ಕೊಡಲೆಂದು ಅದರ ಕೆಳಗೆ ತೆಳು ಕಾಲುಗಳ ಟ್ರೈಪಾಡ್ ಇಡುತ್ತಾರೆ. ನಿಮ್ಮೂರ ಗುಡ್ಡಗಳ ಮೇಲೆ ಗಾಳಿಯಂತ್ರ ನೆಟ್ಟಿರುವುದು ಸುಮ್ಮನೆ ಅಲ್ಲವಷ್ಟೆ. ಆ ಗಾಳಿಗೆ ಈ ಟ್ರೈಪಾಡ್ ನಿಲ್ಲದು.

130ಕ್ಕೆ ಬಂದರೆ ಗುರುವಿನ ಕೆಂಪು ಮಚ್ಚೆಯನ್ನು ಹಿಡಿಯಬಹುದು, ಗುರುವಿನ ಮೈಮೇಲೆ ಅದರ ಚಂದ್ರನ ನೆರಳು ಕಪ್ಪು ಚುಕ್ಕೆಯಾಗಿ ಸರಿಯುವುದನ್ನು ನೋಡಬಹುದು. ಶನಿಯ ಉಂಗುರಗಳ ನಡುವೆ 1675ರಲ್ಲಿ ಕ್ಯಾಸಿನಿ ಕಂಡ ಕಪ್ಪು ಸೀಳು, ಉಂಗುರ ನಮ್ಮತ್ತ ಅಗಲವಾಗಿ ತೆರೆದಿರುವ ವರ್ಷಗಳಲ್ಲಿ ಸಲೀಸಾಗಿ ಕಾಣುತ್ತದೆ. 2025ರ ಮಾರ್ಚ್‌ನಲ್ಲಿ ಉಂಗುರ ಗೆರೆಯಷ್ಟಾಗಿತ್ತು. ಇನ್ನು 2032ರ ವರೆಗೆ ಅದು ವರ್ಷದಿಂದ ವರ್ಷಕ್ಕೆ ತೆರೆದುಕೊಳ್ಳುತ್ತ ಹೋಗುತ್ತದೆ. ವಿಲಿಯಂ ಹರ್ಷೆಲ್ 1781ರಲ್ಲಿ ಯುರೇನಸ್ ಕಂಡುಹಿಡಿದದ್ದು ತಾನೇ ಉಜ್ಜಿ ಮಾಡಿದ 6.2 ಇಂಚಿನ ಲೋಹದ ಕನ್ನಡಿಯಲ್ಲಿ. ಆ ಲೋಹ ಇಂದಿನ ಅಲ್ಯೂಮಿನಿಯಂ ಲೇಪದ ಗಾಜಿಗಿಂತ ತೀರಾ ಕಡಿಮೆ ಬೆಳಕನ್ನು ಪ್ರತಿಫಲಿಸುತ್ತಿತ್ತು. ಹಾಗೆ ನೋಡಿದರೆ ನಿಮ್ಮ 130 ಅವನ ಉಪಕರಣಕ್ಕಿಂತ ಬಹಳ ಹಿಂದಿಲ್ಲ.

8 ಇಂಚಿನದು ಮೆರೆಯುವುದು ಗೋಳಗುಚ್ಛಗಳಲ್ಲಿ. ಲಂಡನ್ನಿನಲ್ಲಿ ಎಂದೂ ಮೂಡದ ಒಮೆಗಾ ಸೆಂಟಾರಿ ಏಪ್ರಿಲ್–ಮೇ ತಿಂಗಳ ರಾತ್ರಿ ಚಿತ್ರದುರ್ಗದ ದಕ್ಷಿಣ ದಿಗಂತದಿಂದ 28 ಡಿಗ್ರಿ ಎತ್ತರಕ್ಕೆ ಏರುತ್ತದೆ. 70ರಲ್ಲಿ ಅದು ದುಂಡನೆಯ ಮಸುಕು. 130ರಲ್ಲಿ ಅಂಚು ಪುಡಿಪುಡಿ ನಕ್ಷತ್ರಗಳಾಗಿ ಒಡೆಯುತ್ತದೆ. 8 ಇಂಚಿನಲ್ಲಿ ನಡುಭಾಗದ ತನಕ ನಕ್ಷತ್ರಗಳೇ. ಮಹಾವ್ಯಾಧನ ಖಡ್ಗದಲ್ಲಿರುವ ನೀಹಾರಿಕೆಯ ರೆಕ್ಕೆಗಳೂ ಹೀಗೆಯೇ ವ್ಯಾಸ ಹೆಚ್ಚಿದಷ್ಟೂ ಚಾಚಿಕೊಳ್ಳುತ್ತವೆ. ಆದರೆ ಫೋಟೋಗಳ ಕೆಂಪು, ನೀಲಿಯನ್ನು ಯಾವ ಗಾತ್ರದಲ್ಲೂ ನಿರೀಕ್ಷಿಸಬೇಡಿ. ಮಂದ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಣ್ಣ ತಿಳಿಯದು, ಎಲ್ಲವೂ ಬೂದು.

ಚಿಕ್ಕದೇ ಗೆಲ್ಲುವ ಕಡೆಯೂ ಉಂಟು. 1200 ಮಿ.ಮೀ. ಸಂಗಮ ದೂರದ 8 ಇಂಚಿಗೆ 25 ಮಿ.ಮೀ. ಐಪೀಸ್ ಹಾಕಿದರೆ ಸಿಗುವುದು ಸುಮಾರು ಒಂದು ಡಿಗ್ರಿ ಆಕಾಶ, ಕೃತ್ತಿಕೆ ಪೂರ್ತಿ ಹಿಡಿಸದು. 650 ಮಿ.ಮೀ. ಸಂಗಮ ದೂರದ 130ರಲ್ಲಿ ಅದೇ ಐಪೀಸಿಗೆ 26 ಪಟ್ಟು ವರ್ಧನೆ, ಸುಮಾರು ಎರಡು ಡಿಗ್ರಿ ಆಕಾಶ. ಕೃತ್ತಿಕೆ ಸುತ್ತ ಕತ್ತಲಿನ ಅಂಚು ಸಮೇತ ಕೂರುತ್ತದೆ.

ಎಲ್ಲಿ ನಿಂತು ನೋಡುತ್ತೀರಿ ಎಂಬುದೂ ಗಾತ್ರದಷ್ಟೇ ಮುಖ್ಯ. ಚಂದ್ರ, ಗ್ರಹ, ಜೋಡಿ ನಕ್ಷತ್ರಗಳಿಗೆ ಬೀದಿದೀಪದ ಹಂಗಿಲ್ಲ, ತಾರಸಿಯಿಂದಲೇ ನೋಡಿ. ನೀಹಾರಿಕೆ, ಗ್ಯಾಲಕ್ಸಿಗಳ ಕಥೆ ಬೇರೆ. ದೊಡ್ಡ ಕನ್ನಡಿ ಗ್ಯಾಲಕ್ಸಿಯ ಬೆಳಕಿನ ಜೊತೆ ಊರ ದೀಪದಿಂದ ಬೆಳಗಾದ ಆಕಾಶದ ಬೆಳಕನ್ನೂ ಅಷ್ಟೇ ಕೂಡಿಸುತ್ತದೆ, ಎರಡರ ನಡುವಿನ ವ್ಯತ್ಯಾಸ ಹೆಚ್ಚುವುದಿಲ್ಲ. ಊರ ನಡುವಿನ 8 ಇಂಚಿಗಿಂತ ನಿಮ್ಮ ಜಮೀನಿನ ಕತ್ತಲಿನಲ್ಲಿಟ್ಟ 130 ಆಂಡ್ರೊಮಿಡಾ ಗ್ಯಾಲಕ್ಸಿಯನ್ನು ಚೆನ್ನಾಗಿ ತೋರಿಸುತ್ತದೆ. ಮಳೆ ಕಡಿಮೆ ಬೀಳುವ ನಿಮ್ಮ ಸೀಮೆಗೆ ಮಲೆನಾಡಿಗರಿಗಿಂತ ಹೆಚ್ಚು ತಿಳಿಯಾದ ರಾತ್ರಿಗಳಿವೆ. ಹಾಗಾಗಿ ನಿಮ್ಮ ಟೆಲಿಸ್ಕೋಪ್ ಬೈಕಿನಲ್ಲಿ ಜಮೀನಿಗೆ ಹೋಗುವಂತಿರಬೇಕು. ನನ್ನ ಲೆಕ್ಕದಲ್ಲಿ ತೀರ್ಮಾನವಾಗುವುದು ಇಲ್ಲೇ. 8 ಇಂಚಿನ ಡಾಬ್ಸೋನಿಯನ್ನಿನ ಕೊಳವೆ ಸುಮಾರು 1.2 ಮೀಟರ್ ಉದ್ದ. ಪೀಠವೂ ಸೇರಿ ತೂಕ 20 ಕೆ.ಜಿ. ದಾಟುತ್ತದೆ. ತುಂಬಿದ 20 ಲೀಟರ್ ನೀರಿನ ಕ್ಯಾನನ್ನು ತಾರಸಿಗೆ ಹೊತ್ತು, ಮತ್ತೆ ಕೆಳಗಿಳಿಸಿ ನೋಡಿ. ವಾರಕ್ಕೆರಡು ಸಲ ಅದು ಆಗುತ್ತದೆ ಅನ್ನಿಸಿದರೂ ಬೈಕಿನ ಪ್ರಶ್ನೆ ಹಾಗೇ ಉಳಿಯುತ್ತದೆ. ಪುಟ್ಟ ಪೀಠದ 130 ಎಲ್ಲ ಸೇರಿ 6–7 ಕೆ.ಜಿ.

ಈಗ ಆ ಸ್ಟ್ಯಾಂಡ್. ಈಕ್ವೆಟೋರಿಯಲ್ ಸ್ಟ್ಯಾಂಡಿನ ಒಂದು ಅಕ್ಷವನ್ನು ಧ್ರುವ ನಕ್ಷತ್ರಕ್ಕೆ ಗುರಿಯಿಟ್ಟರೆ ಭೂಮಿ ತಿರುಗಿದಂತೆ ಒಂದೇ ಗುಂಡಿ ತಿರುಗಿಸಿ ನಕ್ಷತ್ರವನ್ನು ಹಿಂಬಾಲಿಸಬಹುದು. ಐಡಿಯಾ ಸೊಗಸು. ಆದರೆ ಚಿತ್ರದುರ್ಗದ ಅಕ್ಷಾಂಶ 14 ಡಿಗ್ರಿ, ಧ್ರುವ ನಕ್ಷತ್ರವೂ ದಿಗಂತದಿಂದ 14 ಡಿಗ್ರಿಯಷ್ಟೇ ಮೇಲಿರುತ್ತದೆ. ಚಾಚಿದ ಕೈಯ ಮುಷ್ಟಿ ಸುಮಾರು 10 ಡಿಗ್ರಿ. ಒಂದೂವರೆ ಮುಷ್ಟಿಯ ಎತ್ತರದಲ್ಲಿ ಪಕ್ಕದ ಮನೆಯ ನೀರಿನ ಟ್ಯಾಂಕೋ ತೆಂಗಿನ ಮರವೋ ಅಡ್ಡ ನಿಂತಿರುತ್ತದೆ. ಮೇಲಾಗಿ ಈ ಸ್ಟ್ಯಾಂಡುಗಳನ್ನು ಯುರೋಪ್, ಅಮೆರಿಕದ ಹೆಚ್ಚಿನ ಅಕ್ಷಾಂಶಗಳನ್ನು ಮನಸ್ಸಿನಲ್ಲಿಟ್ಟು ಮಾಡಿರುವುದೇ ಜಾಸ್ತಿ. ಅಷ್ಟು ಕೆಳಕ್ಕೆ ಬಾಗಿಸಿದಾಗ ಸಮತೂಕದ ಸರಳು ಟ್ರೈಪಾಡಿನ ಕಾಲಿಗೆ ಬಡಿಯುವುದುಂಟು. ಕ್ಯಾಮೆರಾ ಕಟ್ಟದೆ ಕಣ್ಣಿನಿಂದಲೇ ನೋಡುವವರಿಗೆ ಇಷ್ಟು ರಗಳೆ ಬೇಡ.

ಡಾಬ್ಸೋನಿಯನ್ ಪೀಠ ಅಕ್ಕಪಕ್ಕ, ಮೇಲೆ ಕೆಳಗೆ ಎರಡೇ ದಿಕ್ಕಿಗೆ ತಿರುಗುವ ಮರದ ಪೆಟ್ಟಿಗೆ. ಕೈಯಿಂದ ತಳ್ಳುವುದು, ನೋಡುವುದು. ಇದನ್ನು ಜನರಿಗೆ ತಂದುಕೊಟ್ಟ ಜಾನ್ ಡಾಬ್ಸನ್ 1944ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ವೇದಾಂತ ಸೊಸೈಟಿಯ ಮಠ ಸೇರಿ, ಎರಡು ದಶಕಕ್ಕೂ ಹೆಚ್ಚು ಕಾಲ ಮಠವಾಸಿಯಾಗಿದ್ದವರು. ಬಿಸಾಡಿದ ಹಡಗಿನ ಕಿಟಕಿ ಗಾಜನ್ನು ಉಜ್ಜಿ ಕನ್ನಡಿ ಮಾಡಿ, ರಟ್ಟಿನ ಕೊಳವೆ, ಪ್ಲೈವುಡ್ ಸೇರಿಸಿ ಟೆಲಿಸ್ಕೋಪ್ ಕಟ್ಟುತ್ತಿದ್ದರು. ಮಠ ಬಿಟ್ಟ ಮೇಲೆ ರಸ್ತೆ ಬದಿಯಲ್ಲಿ ಅದನ್ನಿಟ್ಟು ಹೋಗುವವರನ್ನೆಲ್ಲ ಕರೆದು ಚಂದ್ರನನ್ನು ತೋರಿಸುತ್ತಿದ್ದರು. ಶಿಕ್ಷಕರಿಗೆ ಇದಕ್ಕಿಂತ ಹೊಂದುವ ಉಪಕರಣ ಯಾವುದಿದೆ?

ಕೊಳ್ಳುವಾಗ ಎರಡು ವಿಷಯ ನೋಡಿ. ಕನ್ನಡಿ ಪರವಲಯಾಕಾರದ್ದೇ, ಅಂದರೆ ಪ್ಯಾರಾಬೋಲಿಕ್ ಎಂದು ಬರೆದಿದೆಯೇ? ಗೋಳಾಕಾರದ್ದಾದರೆ ಇಷ್ಟು ಗಿಡ್ಡ ಕೊಳವೆಯಲ್ಲಿ ಬಿಂಬ ಚೂಪಾಗುವುದಿಲ್ಲ. ಎರಡನೆಯದು, ಸಂಗಮ ದೂರ 1000 ಮಿ.ಮೀ. ಎಂದಿದ್ದು ಕೊಳವೆ ಅರ್ಧ ಮೀಟರಿನಷ್ಟೇ ಇದ್ದರೆ ಅದನ್ನು ಬಿಡಿ. ಒಳಗೊಂದು ಅಗ್ಗದ ಮಸೂರವಿಟ್ಟು ಉದ್ದವನ್ನು ಹಿಗ್ಗಿಸಿರುತ್ತಾರೆ. ಉಳಿದ ಹಣದಲ್ಲಿ ಒಂದು ಒಳ್ಳೆಯ 5 ಅಥವಾ 6 ಮಿ.ಮೀ. ಐಪೀಸ್ ಕೊಳ್ಳಿ, ಗ್ರಹಗಳಿಗೆ ಬೇಕಾಗುತ್ತದೆ. ಪೀಠವನ್ನು ಅಲುಗದ ಮರದ ಸ್ಟೂಲಿನ ಮೇಲಿಡಿ, ಪ್ಲಾಸ್ಟಿಕ್ ಕುರ್ಚಿ ನಡುಗುತ್ತದೆ. ಮಡಚುವ ಮಾದರಿಯಾದರೆ ಕೊಳವೆಯ ನಡುಭಾಗ ತೆರೆದಿರುತ್ತದೆ. ನಿಮ್ಮ ಶಾಲೆಯ ಕಪ್ಪು ಚಾರ್ಟ್ ಪೇಪರನ್ನು ಸುತ್ತಿದರೆ ಅಕ್ಕಪಕ್ಕದ ಬೆಳಕು ಒಳಗೆ ನುಗ್ಗದು. ಬೈಕಿನಲ್ಲಿ ಒಯ್ದ ಮೇಲೆ ಕನ್ನಡಿಗಳು ಸರಿದಿರುತ್ತವೆ, ನೋಡುವ ಮೊದಲು ಅವುಗಳ ಸ್ಕ್ರೂ ತಿರುಗಿಸಿ ಕೇಂದ್ರಕ್ಕೆ ತಂದುಕೊಳ್ಳಿ. ಒಂದು ಸಲ ಕಲಿತರೆ ಐದು ನಿಮಿಷದ ಕೆಲಸ.

ಮಕ್ಕಳ ಸಾಲಿಗೆ 26 ಪಟ್ಟನ್ನೇ ಇಟ್ಟುಕೊಳ್ಳಿ. ಆ ನೋಟದಲ್ಲಿ ಚಂದ್ರನಾಗಲಿ ಗುರುವಾಗಲಿ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸರಿಯಲು ಏಳೆಂಟು ನಿಮಿಷ ಹಿಡಿಯುತ್ತದೆ, ಹತ್ತು ಮಕ್ಕಳಾದರೂ ನೋಡಿ ಮುಗಿಸುತ್ತಾರೆ. 130 ಪಟ್ಟು ಹಾಕಿದರೆ ಎರಡು ಮಕ್ಕಳು ನೋಡುವುದರೊಳಗೆ ಗ್ರಹ ಜಾರಿಹೋಗಿರುತ್ತದೆ. ಸೂರ್ಯನತ್ತ ಮಾತ್ರ ಯಾವ ಗಾತ್ರದ್ದನ್ನೂ ತಿರುಗಿಸಬೇಡಿ. ಕೊಳವೆಯ ಮುಂಬಾಯಿಗೆ ಹಾಕುವ ಸರಿಯಾದ ಸೌರ ಫಿಲ್ಟರ್ ಇಲ್ಲದೆ ನೋಡಿದರೆ ಕ್ಷಣಮಾತ್ರದಲ್ಲಿ ಕಣ್ಣು ಹೋಗುತ್ತದೆ. ಐಪೀಸಿಗೆ ತಿರುಪುವ ಪುಟ್ಟ ‘ಸನ್ ಫಿಲ್ಟರ್’ ಜೊತೆಗೆ ಬಂದಿದ್ದರೆ, ಅದು ಶಾಖಕ್ಕೆ ಸಿಡಿಯುತ್ತದೆ, ಬಿಸಾಡಿ.

ಸಾಧ್ಯವಾದರೆ ಹಣ ಕೊಡುವ ಮೊದಲು ಹವ್ಯಾಸಿ ಖಗೋಳ ಸಂಘದವರೊಂದಿಗೆ ಒಂದು ರಾತ್ರಿ ಕಳೆದು ಎರಡೂ ಗಾತ್ರಗಳಲ್ಲಿ ಒಂದೇ ವಸ್ತುವನ್ನು ನೋಡಿ. ಆಮೇಲೆ 8 ಇಂಚಿನದೇ ಬೇಕೆನ್ನಿಸಿದರೆ ಶಾಲೆಯ ಎಸ್‌ಡಿಎಂಸಿ ಮುಂದೆ, ಹಳೆಯ ವಿದ್ಯಾರ್ಥಿಗಳ ಮುಂದೆ ವಿಷಯ ಇಡಿ. ನೆಲಮಹಡಿಯ ಪ್ರಯೋಗಾಲಯದಿಂದ ಮೈದಾನಕ್ಕೆ ಅದನ್ನು ಹೊರತರಲು ಹತ್ತನೇ ತರಗತಿಯ ಇಬ್ಬರು ಹುಡುಗರು ಸಾಕು.