ಮನೆಯ ನೀರು

ನಲ್ಲಿಯನ್ನು ತಿರುಗಿಸಿದರೆ ನೀರು ಬರುತ್ತದೆ. ಆದುದರಿಂದ ನೀರಿನ ವಿಷಯದಲ್ಲಿ ಕಲಿಯತಕ್ಕದ್ದು ಏನೂ ಇಲ್ಲವೆಂದು ಮುಂಬಯಿಯಲ್ಲಿ ಬೆಳೆಯುವ ನಮಗೆ ತೋರುವುದು ಸಹಜ. ಊರಿನಲ್ಲಿದ್ದ ನಮ್ಮ ಅಜ್ಜಿಯರಿಗೆ ಹಾಗೆ ತೋರುತ್ತಿರಲಿಲ್ಲ. ಬಾವಿಯಿಂದ ಕೊಡ ಕೊಡವಾಗಿ ಸೇದಿ ತಂದ ನೀರಿನ ಬೆಲೆ ಅವರ ತೋಳುಗಳಿಗೆ ತಿಳಿದಿತ್ತು. ಯಾವ ನೀರು ಕುಡಿಯುವುದಕ್ಕೆ, ಯಾವುದು ಪಾತ್ರೆ ತೊಳೆಯುವುದಕ್ಕೆ, ಯಾವುದು ಗಿಡದ ಬುಡಕ್ಕೆ ಎಂಬ ವಿವೇಕ ಅವರಿಗಿತ್ತು. ನಗರದಲ್ಲಿ ಬಾವಿ ಹೋಗಿ ನಲ್ಲಿ ಬಂದಿತು. ಆದರೆ ವಿವೇಕದ ಅಗತ್ಯ ಹೋಗಲಿಲ್ಲ. ಒಂದೇ ಕೋಣೆಯಲ್ಲಿ ಐದಾರು ಮಂದಿ ಅಡುಗೆ, ಊಟ, ಓದು, ನಿದ್ರೆಗಳನ್ನು ನಡೆಸುವ ಮನೆಗಳಲ್ಲಂತೂ ಅದು ಹೆಚ್ಚಿದೆ. ನೀರು ನಮ್ಮ ಮನೆಗೆ ಹೇಗೆ ಬರುತ್ತದೆ, ಎಲ್ಲಿ ಕೆಡುತ್ತದೆ, ಅದನ್ನು ಹೇಗೆ ಕಾಪಾಡಿಕೊಳ್ಳಬೇಕು ಎಂಬುದನ್ನು ಈ ಪಾಠದಲ್ಲಿ ವಿಚಾರಿಸೋಣ.

ನೀರು ಬರುವ ದಾರಿ

ಮುಂಬಯಿಗೆ ನೀರುಣಿಸುವ ಜಲಾಶಯಗಳು ಏಳು: ವಿಹಾರ, ತುಳಸಿ, ತಾನ್ಸಾ, ಮೋಡಕ ಸಾಗರ, ಭಾತ್ಸಾ, ಮೇಲಣ ವೈತರಣಾ ಮತ್ತು ಮಧ್ಯ ವೈತರಣಾ. ಇವುಗಳಲ್ಲಿ ವಿಹಾರವು 1860ರಲ್ಲಿಯೂ ತುಳಸಿಯು 1879ರಲ್ಲಿಯೂ ತಾನ್ಸಾವು 1892ರಲ್ಲಿಯೂ ಸಿದ್ಧವಾದುವು. ಮೊದಲಿನ ಎರಡು ನಗರದ ಎಲ್ಲೆಯೊಳಗಿನ ಕಾಡಿನಲ್ಲಿವೆ. ಉಳಿದ ಐದು ನಗರದಿಂದ ಬಹುದೂರದ ಬೆಟ್ಟಗಳ ನಡುವೆ ಇವೆ. ಮಳೆಗಾಲದ ನಾಲ್ಕು ತಿಂಗಳಲ್ಲಿ ತುಂಬಿದ ನೀರನ್ನೇ ನಾವು ವರ್ಷವಿಡೀ ಉಪಯೋಗಿಸತಕ್ಕದ್ದು.

ಕೆರೆಯ ನೀರನ್ನು ಹಾಗೆಯೇ ನಮಗೆ ಕಳುಹಿಸುವುದಿಲ್ಲ. ಮೊದಲು ಪಟಿಕದಂತಹ ದ್ರವ್ಯವನ್ನು ಬೆರೆಸಿ ಮಣ್ಣಿನ ಕಣಗಳು ಒಂದುಗೂಡಿ ತಳಕ್ಕಿಳಿಯುವಂತೆ ಮಾಡುತ್ತಾರೆ. ತರುವಾಯ ಮರಳಿನ ಪದರಗಳ ಮೂಲಕ ಸೋಸುತ್ತಾರೆ. ಕೊನೆಗೆ ಕ್ಲೋರಿನ್ ಬೆರೆಸಿ ರೋಗಾಣುಗಳನ್ನು ಕೊಲ್ಲುತ್ತಾರೆ. ಭಾಂಡುಪಿನಲ್ಲಿರುವ ದೊಡ್ಡ ಶುದ್ಧೀಕರಣ ಕೇಂದ್ರದಲ್ಲಿ ಈ ಕೆಲಸ ಹಗಲಿರುಳೂ ನಡೆಯುತ್ತದೆ. ಒಮ್ಮೊಮ್ಮೆ ನಲ್ಲಿಯ ನೀರಿನಲ್ಲಿ ಬರುವ ಸಣ್ಣ ವಾಸನೆ ಈ ಕ್ಲೋರಿನಿನದು; ಅದು ದೋಷದ ಗುರುತಲ್ಲ, ಕಾವಲಿನ ಗುರುತು.

ಕೊಳೆ ಸೇರುವುದು ಎಲ್ಲಿ?

ಹೀಗೆ ಶುದ್ಧವಾಗಿ ಹೊರಟ ನೀರು ನಮ್ಮ ಲೋಟಕ್ಕೆ ಬರುವಷ್ಟರಲ್ಲಿ ಏಕೆ ಕೆಡಬೇಕು? ಇದಕ್ಕೆ ಎರಡು ಕಾರಣಗಳುಂಟು.

ಮೊದಲನೆಯದು ಕೊಳವೆ. ನಗರದ ಬಹುಭಾಗದಲ್ಲಿ ನೀರು ದಿನವಿಡೀ ಹರಿಯದೆ ಕೆಲವು ಗಂಟೆಗಳ ಕಾಲ ಮಾತ್ರ ಬರುತ್ತದೆ. ಕೊಳವೆಯಲ್ಲಿ ನೀರು ಒತ್ತಡದಿಂದ ಹರಿಯುತ್ತಿರುವಾಗ ಬಿರುಕಿದ್ದರೂ ಒಳಗಿನದು ಹೊರಕ್ಕೆ ಬರುವುದೇ ಹೊರತು ಹೊರಗಿನದು ಒಳಕ್ಕೆ ಹೋಗದು. ನೀರು ನಿಂತು ಒತ್ತಡವಿಳಿದಾಗ ಸುತ್ತಲಿನ ಚರಂಡಿಯ ಹೊಲಸು ಅದೇ ಬಿರುಕಿನಿಂದ ಒಳಗೆ ಜಿನುಗಬಹುದು. ಆದುದರಿಂದ ನೀರು ಬಂದೊಡನೆ ಮೊದಲಿನ ಒಂದೆರಡು ಬಕೆಟ್ಟುಗಳನ್ನು ನೆಲ ಒರೆಸುವುದಕ್ಕೂ ಮೋರಿ ತೊಳೆಯುವುದಕ್ಕೂ ತೆಗೆದಿಟ್ಟು, ನೀರು ತಿಳಿಯಾದ ಮೇಲೆ ಕುಡಿಯುವ ಪಾತ್ರೆಗಳನ್ನು ತುಂಬಬೇಕು.

ಎರಡನೆಯದು ನಮ್ಮ ಕೈ. ಬಾಯಗಲದ ಹಂಡೆಯಲ್ಲಿ ನೀರಿಟ್ಟು, ಬಂದವರೆಲ್ಲ ಲೋಟವನ್ನು ಬೆರಳುಸಹಿತ ಅದ್ದಿ ತೆಗೆದರೆ ಭಾಂಡುಪಿನ ಶ್ರಮವೆಲ್ಲ ಆ ಒಂದು ಕ್ಷಣದಲ್ಲಿ ವ್ಯರ್ಥವಾಗುವುದು. ಕುಡಿಯುವ ನೀರಿಗೆ ಕಿರಿದಾದ ಬಾಯಿಯ ಕೊಡ ಅಥವಾ ಕೆಳಗಡೆ ನಲ್ಲಿಯಿರುವ ಪಾತ್ರೆಯೇ ಲೇಸು. ಅದು ಇಲ್ಲದಿದ್ದರೆ ಉದ್ದ ಹಿಡಿಯ ಸೌಟೊಂದನ್ನು ಅದಕ್ಕಾಗಿಯೇ ಇಟ್ಟುಕೊಂಡು, ಮೊಳೆಗೆ ತೂಗುಹಾಕತಕ್ಕದ್ದು. ಪಾತ್ರೆಗೆ ಸದಾ ಮುಚ್ಚಳವಿರಲಿ.

ನೀರಿನಿಂದ ರೋಗ ಹರಡುವುದೆಂಬುದು ಒಂದು ಕಾಲದಲ್ಲಿ ಪಂಡಿತರಿಗೂ ಒಪ್ಪಿಗೆಯಾಗಿರಲಿಲ್ಲ. ಕೆಟ್ಟ ಗಾಳಿಯೇ ಕಾಲರಾಕ್ಕೆ ಕಾರಣವೆಂದು ನಂಬಿದ್ದರು. 1854ರಲ್ಲಿ ಲಂಡನ್ ನಗರದ ಒಂದು ಪೇಟೆಯಲ್ಲಿ ಕಾಲರಾ ಹಬ್ಬಿದಾಗ ಜಾನ್ ಸ್ನೋ ಎಂಬ ವೈದ್ಯರು ಮನೆಮನೆಗೆ ಹೋಗಿ ವಿಚಾರಿಸಿ, ಸತ್ತವರಲ್ಲಿ ಬಹುಮಂದಿ ಬ್ರಾಡ್ ಸ್ಟ್ರೀಟಿನ ಒಂದೇ ಪಂಪಿನ ನೀರನ್ನು ಕುಡಿದವರೆಂದು ತೋರಿಸಿದರು. ಅಧಿಕಾರಿಗಳು ಪಂಪಿನ ಹಿಡಿಯನ್ನು ಕಳಚಿಸಿದರು. ಮೂವತ್ತು ವರ್ಷಗಳ ಅನಂತರ, 1884ರಲ್ಲಿ, ರಾಬರ್ಟ್ ಕಾಕ್ ಎಂಬ ಜರ್ಮನ್ ವಿಜ್ಞಾನಿ ನಮ್ಮ ಕಲಕತ್ತೆಯಲ್ಲಿ ಕಾಲರಾದ ರೋಗಾಣುವನ್ನು ಬೇರ್ಪಡಿಸಿ ತೋರಿಸಿದರು. ಸ್ನೋ ಅವರ ಬಳಿ ದೊಡ್ಡ ಸಾಧನಗಳಾವುವೂ ಇರಲಿಲ್ಲ. ಕೇಳಿ ತಿಳಿಯುವ ತಾಳ್ಮೆ, ತಿಳಿದುದನ್ನು ಬರೆದಿಡುವ ಶಿಸ್ತು ಇವೇ ಅವರ ಸಾಧನಗಳು. ಇವೆರಡನ್ನೂ ವಿದ್ಯಾರ್ಥಿಗಳು ಸಂಪಾದಿಸಬಹುದು.

ಸೋಸುವುದು ಮತ್ತು ಕಾಯಿಸುವುದು

ಹಳೆಯ ಬಟ್ಟೆಯಲ್ಲಿ ನೀರು ಸೋಸುವ ವಾಡಿಕೆ ನಮ್ಮ ಹಿರಿಯರದು. ಇದರಲ್ಲಿ ತಥ್ಯವಿದೆ. ಕಾಲರಾದ ರೋಗಾಣುಗಳು ಕೆರೆಕುಂಟೆಗಳ ನೀರಿನಲ್ಲಿರುವ ಅತಿ ಸಣ್ಣ ಜಲಜೀವಿಗಳಿಗೆ ಅಂಟಿಕೊಂಡಿರುತ್ತವೆ. ಬಟ್ಟೆಯು ಆ ಜೀವಿಗಳನ್ನು ತಡೆದರೆ ರೋಗಾಣುಗಳೂ ಬಹುಮಟ್ಟಿಗೆ ತಡೆಯಲ್ಪಡುತ್ತವೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಎಂಟು ಪದರವಾಗಿ ಮಡಿಸಿ ನೀರು ಸೋಸಿದಾಗ ಕಾಲರಾ ಸುಮಾರು ಅರ್ಧಕ್ಕೆ ಇಳಿಯಿತೆಂದು 2003ರಲ್ಲಿ ಪ್ರಕಟವಾದ ಸಂಶೋಧನೆಯಿಂದ ತಿಳಿದುಬಂದಿದೆ. ಹೊಸ ಬಟ್ಟೆಗಿಂತ ಒಗೆದು ಒಗೆದು ಹಳತಾದುದೇ ಮೇಲು. ಏಕೆಂದರೆ ಅದರ ಎಳೆಗಳು ಅರಳಿ ಕಂಡಿಗಳು ಕಿರಿದಾಗಿರುತ್ತವೆ. ಬಟ್ಟೆಯನ್ನು ಪ್ರತಿಸಲವೂ ಚೆನ್ನಾಗಿ ಜಾಲಿಸಿ ಬಿಸಿಲಿನಲ್ಲಿ ಒಣಗಿಸಬೇಕು.

ಆದರೆ ಅರ್ಧ ಇಳಿಯುವುದು ಪೂರ್ಣ ಇಳಿದಂತೆ ಅಲ್ಲ. ವಿಷಮಶೀತಜ್ವರ, ಕಾಮಾಲೆ ಮೊದಲಾದ ರೋಗಗಳ ಅಣುಗಳು ಬಟ್ಟೆಯ ಕಂಡಿಗಳಲ್ಲಿ ಸುಲಭವಾಗಿ ನುಸುಳುತ್ತವೆ. ಆದುದರಿಂದ ಸೋಸಿದ ನೀರನ್ನು ಕಾಯಿಸಲೇಬೇಕು. ಕಾಯಿಸುವುದೆಂದರೆ ಬೆಚ್ಚಗೆ ಮಾಡುವುದಲ್ಲ. ನೀರು ಕುದಿದು ದೊಡ್ಡ ಗುಳ್ಳೆಗಳು ಮೇಲೆದ್ದು ಮಗುಚತೊಡಗಿದ ಮೇಲೆ ಒಂದು ನಿಮಿಷ ಕುದಿಸಿದರೆ ಸಾಕು. ಅದಕ್ಕಿಂತ ಹೆಚ್ಚು ಹೊತ್ತು ಕುದಿಸುವುದು ಗ್ಯಾಸಿನ ನಷ್ಟ. ಕುದಿಸಿದ ಪಾತ್ರೆಯಲ್ಲಿಯೇ ಮುಚ್ಚಿ ಆರಲು ಬಿಟ್ಟು, ಮರುದಿನ ಹೊಸದಾಗಿ ಕಾಯಿಸತಕ್ಕದ್ದು. ಕುದಿಸುವುದರಿಂದ ರೋಗಾಣುಗಳು ಸಾಯುವುವೇ ಹೊರತು ನೀರಿನಲ್ಲಿ ಕರಗಿದ ಉಪ್ಪು, ವಿಷದ್ರವ್ಯಗಳು ಹೋಗುವುದಿಲ್ಲವೆಂಬುದನ್ನೂ ನೆನಪಿಡಬೇಕು.

ಇನ್ನು ತಾಮ್ರದ ತಂಬಿಗೆ. ತಾಮ್ರದ ಪಾತ್ರೆಯಲ್ಲಿ 16 ಗಂಟೆಗಳ ಕಾಲ ಇಟ್ಟ ನೀರಿನಲ್ಲಿ ಭೇದಿಯ ರೋಗಾಣುಗಳು ಸಾಯುವುದನ್ನು 2012ರಲ್ಲಿ ಬೆಂಗಳೂರಿನ ಸಂಶೋಧಕರು ಪ್ರಕಟಿಸಿದ್ದಾರೆ. ಆದರೆ ಈ ಗುಣ ಬರಿಯ ತಾಮ್ರಕ್ಕೆ ಮಾತ್ರ. ಒಳಗೆ ಕಲಾಯಿ ಹಾಕಿಸಿದ ಪಾತ್ರೆಯಲ್ಲಿ ನೀರಿಗೆ ತಾಮ್ರದ ಸೋಂಕೇ ಇರುವುದಿಲ್ಲ. ಅದಲ್ಲದೆ ಕಲಾಯಿ ಇಲ್ಲದ ತಾಮ್ರದಲ್ಲಿ ಮಜ್ಜಿಗೆ, ಹುಣಿಸೆಹುಳಿ, ನಿಂಬೆಯ ಪಾನಕಗಳನ್ನು ಇಡಲೇಬಾರದು. ಹುಳಿಯು ತಾಮ್ರವನ್ನು ಕರಗಿಸಿ ವಾಂತಿ ಹೊಟ್ಟೆನೋವುಗಳನ್ನು ತರುವುದು.

ಸೊಳ್ಳೆಯ ತೊಟ್ಟಿಲು

ಕೆಲವೇ ಗಂಟೆ ನೀರು ಬರುವ ಮನೆಯಲ್ಲಿ ಪೀಪಾಯಿ ತುಂಬಿಡದೆ ಗತಿಯಿಲ್ಲ. ಆ ಪೀಪಾಯಿಯೇ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಗೆ ತೊಟ್ಟಿಲಾಗಬಹುದು. ಈ ಸೊಳ್ಳೆ ಚರಂಡಿಯ ಹೊಲಸನ್ನು ಬಯಸುವುದಿಲ್ಲ. ತಿಳಿನೀರೇ ಅದಕ್ಕೆ ಬೇಕು. ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ನೀರಿನ ಅಂಚಿನಲ್ಲಿ ಪಾತ್ರೆಯ ಗೋಡೆಗೆ ಅದು ಮೊಟ್ಟೆಯನ್ನು ಅಂಟಿಸುತ್ತದೆ. ಮೊಟ್ಟೆಯೊಡೆದು ಹುಳುವಾಗಿ ರೆಕ್ಕೆ ಬಂದು ಹಾರುವುದಕ್ಕೆ ಸುಮಾರು 8ರಿಂದ 10 ದಿನಗಳು ಸಾಕು. ಆದುದರಿಂದ ವಾರಕ್ಕೊಂದು ದಿನ ಪೀಪಾಯಿಯನ್ನು ಬರಿದು ಮಾಡಿ ಒಣಗಿಸಿದರೆ ಈ ಸರಣಿ ಕಡಿದುಹೋಗುವುದು. ಬರಿದು ಮಾಡಿದರಷ್ಟೇ ಸಾಲದು. ಒಣಗಿದ ಮೊಟ್ಟೆಗಳು ತಿಂಗಳುಗಟ್ಟಲೆ ಜೀವ ಹಿಡಿದಿರಬಲ್ಲವು, ಮತ್ತೆ ನೀರು ತಗುಲಿದೊಡನೆ ಒಡೆಯುವುವು. ಒಳಗೋಡೆಯನ್ನು ನಾರಿನಿಂದ ತಿಕ್ಕಿ ತೊಳೆಯಬೇಕು. ಹೂವಿನ ಕುಂಡದ ತಟ್ಟೆ, ಬಾಲ್ಕನಿಯ ಒಡೆದ ಡಬ್ಬಿ, ಹಳೆಯ ಟಯರು ಇವುಗಳನ್ನೂ ಮರೆಯಬಾರದು.

ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ ಅಗತ್ಯ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ಗಂಟೆಗಳಲ್ಲಿ 944 ಮಿಲಿಮೀಟರ್ ಮಳೆ ಸುರಿದು ನಗರವು ಮುಳುಗಿತು. ಆ ನೆರೆಯ ಬೆನ್ನಿಗೆ ಇಲಿಜ್ವರವೂ ಬಂದಿತು. ಇಲಿಗಳ ಮೂತ್ರ ಸೇರಿದ ನೀರು ಕಾಲಿನ ಗಾಯಕ್ಕೆ ತಗುಲಿದರೆ ಈ ಜ್ವರದ ಅಣುಗಳು ದೇಹವನ್ನು ಹೊಗುತ್ತವೆ. ಕಾಲಿನಲ್ಲಿ ಗಾಯವಿರುವಾಗ ನಿಂತ ನೀರಿನಲ್ಲಿ ನಡೆಯಬಾರದು. ನಡೆಯಲೇಬೇಕಾಗಿ ಬಂದರೆ ಮನೆ ಸೇರಿದೊಡನೆ ಸಾಬೂನಿನಿಂದ ಕಾಲು ತೊಳೆದು, ವೈದ್ಯರ ಸಲಹೆ ಕೇಳಬೇಕು.

ಭೇದಿಯಾದಾಗ

ಎಷ್ಟು ಜಾಗರೂಕತೆಯಿಂದಿದ್ದರೂ ಮನೆಯಲ್ಲಿ ಎಳೆಯ ಮಗುವಿಗೆ ಭೇದಿಯಾಗಬಹುದು. ಆಗ ಮಗುವನ್ನು ಕೊಲ್ಲುವುದು ಬಹುತೇಕ ರೋಗಾಣುವಲ್ಲ. ದೇಹದಿಂದ ನೀರೂ ಉಪ್ಪೂ ಹರಿದುಹೋಗುವುದೇ ಸಾವಿಗೆ ಕಾರಣ. ಭೇದಿಯಾದಾಗ ನೀರು ಕೊಡಬಾರದೆಂಬ ನಂಬಿಕೆ ಕೆಲವು ಮನೆಗಳಲ್ಲಿ ಇದೆ. ಇದರಷ್ಟು ಅಪಾಯಕರವಾದ ನಂಬಿಕೆ ಮತ್ತೊಂದಿಲ್ಲ.

ಬರಿಯ ನೀರಿಗಿಂತ ಉಪ್ಪು ಸಕ್ಕರೆ ಬೆರೆತ ನೀರು ಹೆಚ್ಚು ಫಲಕಾರಿ. ಕರುಳಿನ ಗೋಡೆಯಲ್ಲಿ ಸಕ್ಕರೆಯು ಉಪ್ಪನ್ನು ತನ್ನ ಜೊತೆಗೆ ಒಳಕ್ಕೆ ಕರೆದೊಯ್ಯುತ್ತದೆ. ಅವುಗಳ ಹಿಂದೆ ನೀರೂ ಹೋಗುತ್ತದೆ. ಕಾಲರಾದಂತಹ ಘೋರ ರೋಗದಲ್ಲಿಯೂ ಈ ಬಾಗಿಲು ಮುಚ್ಚುವುದಿಲ್ಲ. 1971ರಲ್ಲಿ ಬಾಂಗ್ಲಾದೇಶದ ಯುದ್ಧದ ಕಾಲದಲ್ಲಿ ಪಶ್ಚಿಮ ಬಂಗಾಳದ ಬನಗಾಂವಿನ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಕೊಡುವ ದ್ರವ ಮುಗಿಯುತ್ತ ಬಂದಾಗ, ಡಾ. ದಿಲೀಪ್ ಮಹಾಲನೋಬಿಸ್ ಅವರು ಈ ನೀರನ್ನು ಪೀಪಾಯಿಗಳಲ್ಲಿ ಕಲಸಿ ರೋಗಿಗಳಿಗೆ ಕುಡಿಸಿದರು. ಕುಡಿಸುವ ಕೆಲಸವನ್ನು ರೋಗಿಗಳ ಬಂಧುಗಳೇ ಮಾಡಿದರು. ನೂರಕ್ಕೆ 30ರಷ್ಟಿದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಗೆ ಇಳಿಯಿತು. ಅವರು 2022ರಲ್ಲಿ ನಿಧನರಾದರು. 2023ರಲ್ಲಿ ದೇಶವು ಅವರಿಗೆ ಮರಣೋತ್ತರವಾಗಿ ಪದ್ಮವಿಭೂಷಣವನ್ನಿತ್ತು ಗೌರವಿಸಿತು.

ಔಷಧದ ಅಂಗಡಿಯಲ್ಲಿಯೂ ಸರಕಾರಿ ಆಸ್ಪತ್ರೆಯಲ್ಲಿಯೂ ಓ.ಆರ್.ಎಸ್. ಪೊಟ್ಟಣ ದೊರೆಯುತ್ತದೆ. ಪೊಟ್ಟಣದ ಮೇಲೆ ಹೇಳಿದಷ್ಟೇ ನೀರಿನಲ್ಲಿ ಪೂರ್ತಿಯಾಗಿ ಕಲಸಬೇಕು. ಪೊಟ್ಟಣ ಸಿಗದಿದ್ದರೆ ಈ ಪ್ರಮಾಣವನ್ನು ಕಂಠಪಾಠ ಮಾಡಿಕೊಳ್ಳಿರಿ: ಕಾಯಿಸಿ ಆರಿಸಿದ ನೀರು 1 ಲೀಟರು, ಸಕ್ಕರೆ 6 ಸಣ್ಣ ಚಮಚ, ಉಪ್ಪು ಅರ್ಧ ಸಣ್ಣ ಚಮಚ. ಚಮಚ ಮಟ್ಟವಾಗಿರಬೇಕು, ಗೋಪುರವಾಗಿರಬಾರದು. ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಮೊದಲು ನೀವೇ ರುಚಿ ನೋಡಿರಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಬೇರೆ ಮಾಡಿರಿ. ಪ್ರತಿಯೊಂದು ಭೇದಿಯ ಅನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರ್, ಅದಕ್ಕೂ ದೊಡ್ಡವರಿಗೆ 100ರಿಂದ 200 ಮಿಲಿಲೀಟರ್ ಚಮಚ ಚಮಚವಾಗಿ ಕೊಡಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಇನ್ನೂ ನಿಧಾನವಾಗಿ ಕೊಡಬೇಕು. ತಾಯಿಯ ಹಾಲನ್ನು ನಿಲ್ಲಿಸಬಾರದು. ಉಣ್ಣುವ ಮಗುವಿಗೆ ಮೆದುವಾದ ಅನ್ನ, ಗಂಜಿಗಳನ್ನು ಕೊಡುತ್ತಿರಬೇಕು. ಕಲಸಿದ ನೀರನ್ನು 24 ಗಂಟೆಗಳ ಮೇಲೆ ಇಡಬಾರದು.

ಕಣ್ಣು ಗುಳಿಬಿದ್ದರೆ, ಅತ್ತರೂ ಕಣ್ಣೀರು ಬಾರದಿದ್ದರೆ, ಮೂತ್ರ ನಿಂತರೆ, ಮಗು ಮಂಕಾಗಿ ತೂಕಡಿಸಿದರೆ, ಮಲದಲ್ಲಿ ರಕ್ತ ಕಂಡರೆ ಒಂದು ಕ್ಷಣವೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ದಾರಿಯಲ್ಲಿಯೂ ಈ ನೀರನ್ನು ಕುಡಿಸುತ್ತಿರಬೇಕು.

ನೀರು ತುಂಬುವವರು ಯಾರು?

ನೀರು ಬರುವ ಹೊತ್ತು ಒಮ್ಮೊಮ್ಮೆ ಬೆಳಗಿನ ನಾಲ್ಕು ಗಂಟೆ. ಆಗ ಏಳುವವರು ತಾಯಿ, ಇಲ್ಲವೆ ಅಕ್ಕ. ಬಹುಮನೆಗಳಲ್ಲಿ ಕೊಡ ಹೊರುವವಳು ಹುಡುಗಿಯೇ, ತಮ್ಮನು ಮಲಗಿರುತ್ತಾನೆ. ಆಮೇಲೆ ಇಬ್ಬರೂ ಒಂದೇ ಪರೀಕ್ಷೆಗೆ ಕುಳಿತುಕೊಳ್ಳಬೇಕು. ಇದು ನ್ಯಾಯವೇ ಎಂದು ಹುಡುಗರು ತಮ್ಮನ್ನು ತಾವೇ ಕೇಳಿಕೊಳ್ಳಲಿ. ನೀರಿಗೆ ಗಂಡು ಹೆಣ್ಣೆಂಬ ಭೇದವಿಲ್ಲ. ಎಲ್ಲರ ಬಾಯಾರಿಕೆಯೂ ಒಂದೇ. ಮನೆಯವರೆಲ್ಲ ವಾರದ ದಿನಗಳನ್ನು ಹಂಚಿಕೊಂಡು ಒಂದು ಹಾಳೆಯಲ್ಲಿ ಬರೆದು ಗೋಡೆಗೆ ಅಂಟಿಸಿದರೆ, ಅಕ್ಕನಿಗೆ ಓದಲು ಸಮಯ ಸಿಕ್ಕೀತು, ತಾಯಿಗೆ ಬೆನ್ನುನೋವು ಕಡಿಮೆಯಾದೀತು.

ಹೊಸ ನೀರು ಬಂದೊಡನೆ ನಿನ್ನೆಯ ನೀರನ್ನು ಹಳಸಿತೆಂದು ಮೋರಿಗೆ ಸುರಿಯುವ ರೂಢಿಯೂ ಇದೆ. ನೀರು ಅನ್ನದಂತೆ ಹಳಸುವ ಪದಾರ್ಥವಲ್ಲ. ನಿನ್ನೆಯದನ್ನು ಬಟ್ಟೆ ಪಾತ್ರೆಗಳಿಗೆ ಬಳಸಬಹುದು. ನಾವು ಚೆಲ್ಲಿದ ಕೊಡ ಕೊಳವೆಯ ಕೊನೆಯ ಮನೆಯವರಿಗೆ ಬಾರದೆ ಹೋದ ಕೊಡವೆಂದು ತಿಳಿಯಬೇಕು.

ಮನೆಯಲ್ಲಿ ಮಾಡಿ ನೋಡತಕ್ಕ ಕೆಲಸ

1. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಒಂದು ಲೀಟರಿನ ಪಾತ್ರೆಯಿಟ್ಟು ಅದು ತುಂಬಲು ಬೇಕಾದ ಕಾಲವನ್ನು ಗುರುತುಮಾಡಿರಿ. ಒಂದು ಗಂಟೆಯಲ್ಲಿ ತುಂಬಿದರೆ ದಿನಕ್ಕೆ 24 ಲೀಟರು, 30 ದಿನಗಳ ತಿಂಗಳಿಗೆ 720 ಲೀಟರು ನಷ್ಟವಾಗುವುದು. ನಿಮ್ಮ ಮನೆಯ ನಲ್ಲಿಯ ಲೆಕ್ಕವೆಷ್ಟು?

2. ನಿಮ್ಮ ಚಾಳಿನಲ್ಲಿ ಅಥವಾ ಕಟ್ಟಡದಲ್ಲಿ ನೀರು ನಿಲ್ಲುವ ಸ್ಥಳಗಳನ್ನು ಪಟ್ಟಿಮಾಡಿ, ವಾರಕ್ಕೊಮ್ಮೆ ಪರೀಕ್ಷಿಸಿರಿ. ಎಲ್ಲಿ ಹುಳು ಕಂಡಿತು, ಯಾವ ದಿನ ಎಂಬುದನ್ನು ಬರೆದಿಡಿರಿ.

3. ಉಪ್ಪು ಸಕ್ಕರೆಯ ನೀರಿನ ಪ್ರಮಾಣವನ್ನು ದೊಡ್ಡ ಅಕ್ಷರಗಳಲ್ಲಿ ಬರೆದು ಅಡುಗೆಯ ಕಪಾಟಿನ ಬಾಗಿಲ ಒಳಮೈಗೆ ಅಂಟಿಸಿರಿ. ನೆರೆಮನೆಯವರು ಕನ್ನಡ ಓದಲಾರದವರಾದರೆ ಅವರಿಗೆ ಮರಾಠಿಯಲ್ಲಿಯೋ ಹಿಂದಿಯಲ್ಲಿಯೋ ಬರೆದುಕೊಡಿರಿ. ಎರಡು ಮೂರು ಭಾಷೆ ಕಲಿತ ನಮ್ಮ ಶಾಲೆಯ ಮಕ್ಕಳಿಂದ ನೆರೆಯ ಒಂದು ಕೂಸು ಬದುಕಿ ಉಳಿದರೆ, ಆ ಕಲಿಕೆಗೆ ಅದಕ್ಕಿಂತ ದೊಡ್ಡ ಪ್ರಯೋಜನ ಬೇರೆ ಬೇಕಿಲ್ಲ.