ಪಹಣಿಯಲ್ಲಿ ‘ಪಿ’ ನಂಬರ್ ಇದೆಯೇ? ಪೋಡಿ ಮಾಡಿಸಿ

ಸಾಗುವಳಿ ಚೀಟಿ ಕೈಗೆ ಬಂದ ಮೇಲೆ ಅದನ್ನು ಟ್ರಂಕಿನಲ್ಲಿಟ್ಟು ನಿಶ್ಚಿಂತರಾಗುವ ರೈತರೇ ಹೆಚ್ಚು. ಬಗರ್ ಹುಕುಂ ಸಾಗುವಳಿದಾರರು ನಮೂನೆ 50, 53, 57ರಲ್ಲಿ ಅರ್ಜಿ ಹಾಕಿ, ವರ್ಷಗಟ್ಟಲೆ ಕಾದು, ಸಮಿತಿಯ ಒಪ್ಪಿಗೆ ಪಡೆದು, ಕಿಮ್ಮತ್ತು ಕಟ್ಟಿ ಚೀಟಿ ಪಡೆದಿರುತ್ತಾರೆ. ಅಷ್ಟು ಅಲೆದವರಿಗೆ ಇನ್ನೊಮ್ಮೆ ತಾಲ್ಲೂಕು ಕಚೇರಿ ಮೆಟ್ಟಿಲು ಹತ್ತಲು ಬೇಸರವಾಗುವುದು ಸಹಜ. ಆದರೆ ಕೆಲಸ ಅಲ್ಲಿಗೆ ಮುಗಿಯುವುದಿಲ್ಲ.

ನಿಮ್ಮ ಪಹಣಿ ತೆಗೆದು ನೋಡಿ. ಸರ್ವೆ ನಂಬರಿನ ಜೊತೆಗೆ ಪಿ1, ಪಿ2, ಪಿ17 ಎಂದೇನಾದರೂ ಇದ್ದರೆ ಪೋಡಿ, ಅಂದರೆ ನಿಮ್ಮ ಭಾಗವನ್ನು ಅಳೆದು ಪ್ರತ್ಯೇಕ ನಂಬರ್ ಕೊಡುವ ಕೆಲಸ, ಆಗಿಲ್ಲ ಎಂದು ತಿಳಿಯಿರಿ. 9ನೇ ಕಾಲಂನಲ್ಲಿ ನಿಮ್ಮ ಹೆಸರಿದೆ, 3ನೇ ಕಾಲಂನಲ್ಲಿ ಎರಡು ಎಕರೆ ಎಂದಿದೆ; ಆ ಎರಡು ಎಕರೆ ಸರ್ವೆ ನಂಬರಿನ ಯಾವ ಮೂಲೆಯಲ್ಲಿದೆ ಎಂಬುದು ಮಾತ್ರ ಸರ್ವೆ ದಾಖಲೆಯಲ್ಲಿಲ್ಲ. ಹೀಗಿದ್ದರೆ ಹದ್ದುಬಸ್ತು (ಗಡಿ ಗುರುತಿಸುವುದು) ಆಗದು, ಮಾರಾಟ, ವಿಭಾಗಕ್ಕೆ ಬೇಕಾದ 11ಇ ನಕ್ಷೆ ಸಿಗದು, ಮಕ್ಕಳ ವಿಭಾಗಪತ್ರ ನೋಂದಣಿಯೂ ನಿಲ್ಲುತ್ತದೆ. ಪಕ್ಕದವನು ಬದು ಸರಿಸಿದರೆ ತೋರಿಸಲು ಕಲ್ಲೂ ಇರುವುದಿಲ್ಲ.

ಪಹಣಿಯೇ ಹಕ್ಕುಪತ್ರ ಎಂಬ ನಂಬಿಕೆಯನ್ನೂ ಬಿಡಬೇಕು. 1964ರ ಭೂ ಕಂದಾಯ ಕಾಯ್ದೆಯ 133ನೇ ಕಲಂ ಪ್ರಕಾರ ಪಹಣಿಯ ನಮೂದು ಸುಳ್ಳೆಂದು ರುಜುವಾತಾಗುವವರೆಗೆ ಮಾತ್ರ ನಿಜ. ತಕರಾರು ಬಂದಾಗ ಮಂಜೂರಾತಿಯ ಮೂಲ ಕಡತವೇ ಗಟ್ಟಿ ಸಾಕ್ಷಿ.

ದೊಡ್ಡ ತೊಡಕಿರುವುದು ಅಲ್ಲೇ. ಹಳೆಯ ಮಂಜೂರಾತಿಗಳ ಕಡತ ಎಷ್ಟೋ ಕಡೆ ಪೂರ್ತಿಯಾಗಿಲ್ಲ. ಕೆಲವು ಸರ್ವೆ ನಂಬರುಗಳಲ್ಲಿ ಮಂಜೂರು ಮಾಡಿದ ಒಟ್ಟು ವಿಸ್ತೀರ್ಣ ಆಕಾರ್‌ಬಂದ್‌ನಲ್ಲಿರುವ (ಸರ್ವೆ ದಾಖಲೆಯ) ಮೂಲ ವಿಸ್ತೀರ್ಣಕ್ಕಿಂತ ಹೆಚ್ಚಿದೆ. ಇದು ರೈತರ ತಪ್ಪಲ್ಲ, ಅನುಭವಿಸುವವರು ಮಾತ್ರ ಅವರೇ. ಆದ್ದರಿಂದ ಮಂಜೂರಾತಿ ಆದೇಶ, ಸಾಗುವಳಿ ಚೀಟಿ, ನಕ್ಷೆ, ಕಿಮ್ಮತ್ತು ಕಟ್ಟಿದ ಚಲನ್, ಮ್ಯುಟೇಶನ್ ಇವುಗಳ ದೃಢೀಕೃತ ನಕಲನ್ನು ಈಗಲೇ ತೆಗೆಸಿಡಿ. ಬಳಿಕ ದರಖಾಸ್ತು ಪೋಡಿಗೆ ತಹಶೀಲ್ದಾರರಿಗೆ ಅರ್ಜಿ ಕೊಡಿ. ಅದೇ ಸರ್ವೆ ನಂಬರಿನ ಉಳಿದ ಮಂಜೂರಿದಾರರೂ ಕೂಡಿ ಕೊಟ್ಟರೆ ಒಳ್ಳೆಯದು. ಗಡಿ ತಕರಾರು ಅಳತೆಯ ದಿನವೇ ಬಗೆಹರಿಯಬಹುದು. ಅಳತೆಗೆ ಸರ್ವೆಯರ್ ಬಂದ ದಿನ ಜಮೀನಿನಲ್ಲಿ ಖುದ್ದು ಹಾಜರಿರಿ.

ಪೋಡಿಯಾಯಿತೆಂದು ಕೂಡಲೇ ಮಾರಲು ಹೊರಡಬೇಡಿ. ಮಂಜೂರಾದ ಜಮೀನನ್ನು ಇಂತಿಷ್ಟು ವರ್ಷ ಮಾರುವಂತಿಲ್ಲ ಎಂಬ ಷರತ್ತು ಚೀಟಿಯಲ್ಲೇ ಇರುತ್ತದೆ, ಓದಿಕೊಳ್ಳಿ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮಂಜೂರಾದ ಜಮೀನಾದರೆ 1978ರ ಪಿಟಿಸಿಎಲ್ (ಕೆಲವು ಜಮೀನುಗಳ ಪರಭಾರೆ ನಿಷೇಧ) ಕಾಯ್ದೆಯಂತೆ ಸರ್ಕಾರದ ಪೂರ್ವಾನುಮತಿ ಇಲ್ಲದೆ ಮಾರಿದರೂ, ಕೊಂಡರೂ ಆ ಕ್ರಯ ಅಸಿಂಧು.